‘ಚಂಪಾರು ಅಂದ್ರ ಏನ್ರಿ?’: ಹೆರಿಗೆ ವಾರ್ಡಿನ ಒಬ್ಬ ಸಿಸ್ಟರ್‌ನ ಆರು ತಿಂಗಳು

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಇನ್‌ಚಾರ್ಜ್. ಕಾಗದದ ಮೇಲೆ ನರ್ಸಿಂಗ್ ಆಫೀಸರ್, ಜನರ ಬಾಯಲ್ಲಿ ಸಿಸ್ಟರ್, ವಯಸ್ಸಾದವರಿಗೆ ಇನ್ನೂ ‘ನರ್ಸಮ್ಮ’. ಈ ಕೆಲಸಕ್ಕೆ ಬಂದು 24 ವರ್ಷ ಆಯಿತು. ಇಲ್ಲಿ ಬರೆಯುತ್ತಿರುವುದು ನನ್ನ ವಾರ್ಡಿನ ಕಿರಿಯ ಸಿಸ್ಟರ್ ಒಬ್ಬಳ ಪ್ರಕರಣ. ಆಕೆ ಒಪ್ಪಿದ್ದಾಳೆ, ಬರೆದದ್ದನ್ನು ಓದಿದ್ದಾಳೆ, ಎರಡು ಕಡೆ ತಿದ್ದಿದ್ದಾಳೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಹಾಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಮೊದಲು ಎಡವಿದವಳು ನಾನು.

ಯಾರು, ಎಲ್ಲಿಂದ

ಆಕೆಗೆ 27 ವರ್ಷ. ಊರು ವಿಜಯಪುರದ ಕಡೆ. ಬಿ.ಎಸ್ಸಿ ನರ್ಸಿಂಗ್ ಮುಗಿಸಿ, ಎರಡು ವರ್ಷ ಖಾಸಗಿ ಆಸ್ಪತ್ರೆಯಲ್ಲಿ ದುಡಿದು, ಸರ್ಕಾರಿ ಕೆಲಸ ಸಿಕ್ಕಿತು ಅಂತ ಸಾಮಾನು ಕಟ್ಟಿಕೊಂಡು ಇಷ್ಟು ದೂರ ಬಂದವಳು. ದಪ್ಪ ಗಾಜಿನ ಕನ್ನಡಕ. ಮಾತು ಜೋರು, ಕೈ ಚುರುಕು. ಊರಿಗೆ ಹೋಗಿ ಬಂದಾಗಲೆಲ್ಲ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದು ಇಡೀ ವಾರ್ಡಿಗೆ ಹಂಚುತ್ತಿದ್ದಳು. ನಮ್ಮ ಮುದ್ದೆಯನ್ನು ಮಾತ್ರ ಆರು ತಿಂಗಳು ಅನುಮಾನದಿಂದಲೇ ನೋಡಿದಳು.

ಮುದ್ದೆ ಹೇಗೋ ಒಗ್ಗಿತು. ತೆಲುಗು ಒಗ್ಗಲಿಲ್ಲ. ಕೋಲಾರದಿಂದ 2007 ರಲ್ಲಿ ಬೇರೆಯಾದ ಈ ಜಿಲ್ಲೆ ಆಂಧ್ರದ ಗಡಿಗೆ ಅಂಟಿಕೊಂಡಿದೆ. ಬಾಗೇಪಲ್ಲಿ, ಚಿಂತಾಮಣಿ, ಗುಡಿಬಂಡೆ ಕಡೆ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಹೆರಿಗೆ ನೋವು ಬಂದಾಗ ಯಾರೂ ಕಲಿತ ಭಾಷೆಯಲ್ಲಿ ಕೂಗುವುದಿಲ್ಲ. ತೆಲುಗಿನಲ್ಲೂ ಕನ್ನಡದಲ್ಲೂ ‘ಮುಕ್ಕು’ ಅಂದರೆ ಹೆರುವಾಗ ಕೆಳಗೆ ಒತ್ತಡ ಹಾಕುವುದೇ, ಅದೊಂದು ಪದ ಉಳಿಸಿತು ಅಂತ ಆಕೆ ನಗುತ್ತಿದ್ದಳು. ಮಿಕ್ಕದ್ದಕ್ಕೆಲ್ಲ ಆಯಮ್ಮನೇ ದುಭಾಷಿ.

ಡಿಸೆಂಬರ್‌ನ ಆ ರಾತ್ರಿ

ಅವರೆಕಾಯಿ ಕಾಲ. ಹೊರಗೆ ಮಂಜು. ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಮೂರನೇ ಹೆರಿಗೆಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ರೇಷ್ಮೆ ರೀಲಿಂಗ್ ಕೆಲಸದವಳು. ಗೂಡು ಬೇಯಿಸುವ ಬಿಸಿನೀರಲ್ಲಿ ನೆನೆದು ಬೆರಳ ತುದಿಗಳೆಲ್ಲ ಬೆಳ್ಳಗೆ ಸುಕ್ಕಾಗಿದ್ದವು. ಸಿಸ್ಟರ್ ಬೆರಳಿಗೆ ಆಕ್ಸಿಮೀಟರ್ ಹಾಕುವಾಗ ಅದನ್ನು ನೋಡಿದ್ದಳು. ಹಿಮೋಗ್ಲೋಬಿನ್ 8.2, ಅಂದರೆ ಮೈಯಲ್ಲಿ ರಕ್ತ ಕಡಿಮೆ.

1.40 ಕ್ಕೆ ಹೆಣ್ಣುಮಗು. ಚೆನ್ನಾಗಿ ಅತ್ತಿತು. 1.41 ಕ್ಕೆ, ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲಿ ಅಂತ ಕೊಡುವ ಆಕ್ಸಿಟೋಸಿನ್ 10 ಯೂನಿಟ್. ಮಾಸು ಪೂರ್ತಿ ಬಂತು. 2.05 ಕ್ಕೆ ಹೊಟ್ಟೆ ಮುಟ್ಟಿ ನೋಡಿದರೆ ಗರ್ಭಕೋಶ ನೆನೆದ ಹಿಟ್ಟಿನ ಹಾಗೆ ಮೆತ್ತಗಿತ್ತು. ಅದು ತೆಂಗಿನಕಾಯಿಯ ಹಾಗೆ ಗಟ್ಟಿ ಇರಬೇಕು. ಕೆಳಗೆ ರಕ್ತ ಹರಿಯುತ್ತಿತ್ತು.

ಮುಂದಿನದು ನರ್ಸುಗಳಿಗೆ ಬಾಯಿಪಾಠ. ಗರ್ಭಕೋಶ ಉಜ್ಜುವುದು, ಎರಡನೇ ಕೈಗೂ ಡ್ರಿಪ್, ಡ್ರಿಪ್‌ನಲ್ಲಿ ಆಕ್ಸಿಟೋಸಿನ್, ನಾಲಿಗೆ ಕೆಳಗೆ ಮಿಸೋಪ್ರೊಸ್ಟಾಲ್, ಟ್ರಾನೆಕ್ಸಾಮಿಕ್ ಆ್ಯಸಿಡ್ 1 ಗ್ರಾಂ, ಎಲ್ಲ ರಕ್ತ ನಿಲ್ಲಿಸಲಿಕ್ಕೆ. ಎಲ್ಲವೂ ಆಯಿತು. 2.13 ಕ್ಕೆ ಡಾಕ್ಟರ್‌ಗೆ ಫೋನ್, 2.20 ಕ್ಕೆ ಅವರು ಬಂದರು. ನಮ್ಮಲ್ಲಿ ಇದ್ದದ್ದು ಒಂದೇ ಬಾಟಲ್ ರಕ್ತ. ಅದನ್ನೂ ಹಾಕಿದರು. 2.45 ಕ್ಕೆ 108 ಹೊರಟಿತು.

ಆ್ಯಂಬುಲೆನ್ಸ್‌ನಲ್ಲಿ ಸಿಸ್ಟರ್ ಮೊಣಕಾಲೂರಿ ಕೂತಿದ್ದಳು. ಒಂದು ಕೈ ಒಳಗೆ ಮುಷ್ಟಿ, ಇನ್ನೊಂದು ಕೈ ಹೊಟ್ಟೆಯ ಮೇಲೆ, ನಡುವೆ ಗರ್ಭಕೋಶವನ್ನು ಒತ್ತಿ ಹಿಡಿಯಬೇಕು. ಬಿಟ್ಟರೆ ಮತ್ತೆ ರಕ್ತ. ದಾರಿಯುದ್ದಕ್ಕೂ ಹಂಪ್. ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಸರಿಮಾಡಿಕೊಳ್ಳಲು ಕೈಯಿಲ್ಲ. ಜೊತೆಗಿದ್ದ ತಂತ್ರಜ್ಞ ಆಕ್ಸಿಜನ್ ಹಿಡಿದಿದ್ದ. ಕೊನೆಯ ಅರ್ಧ ದಾರಿ ಆಕೆಗೆ ಏನೂ ಸರಿಯಾಗಿ ಕಾಣಲಿಲ್ಲ. ಬೆಳ್ಳಗಿನ ಬೆರಳುಗಳು ಮಾತ್ರ ಮಸುಕಾಗಿ ಕಾಣುತ್ತಿದ್ದವಂತೆ.

ದೊಡ್ಡ ಆಸ್ಪತ್ರೆ ತಲುಪಿ ಒಂದು ಗಂಟೆಯೊಳಗೆ ಆ ತಾಯಿ ಹೋಗಿಬಿಟ್ಟಳು.

ಹೊರಗೆ ಆಕೆಯ ಮಾವ ನಿಂತಿದ್ದರು. ಸಿಸ್ಟರ್‌ನ ಯೂನಿಫಾರಂ ಮೇಲಿನ ರಕ್ತ ನೋಡಿ ಬೆರಳು ತೋರಿಸಿ ಕೂಗಿದರು, ‘ಮೀರೇ ಚಂಪಾರು!’ ಆಕೆಗೆ ಪದ ಗೊತ್ತಿಲ್ಲ. ಬೆರಳು ಗೊತ್ತಾಯಿತು. ಬೆಳಿಗ್ಗೆ 6.30 ಕ್ಕೆ ವಾಪಸ್ ಬಂದು ಆಯಮ್ಮನನ್ನು ಕೇಳಿದಳು, ‘ಅಕ್ಕಾ, ಚಂಪಾರು ಅಂದ್ರ ಏನ್ರಿ?’

ಆಯಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ‘ಕೊಂದ್ರಿ ಅಂತ’ ಅಂದಳು.

ನಾನು ಮಾಡಿದ್ದು

8 ಗಂಟೆಗೆ ನಾನು ಡ್ಯೂಟಿಗೆ ಬಂದೆ. ಬೆನ್ನು ತಟ್ಟಿದೆ. ‘ಈ ಕೆಲಸದಲ್ಲಿ ಇವೆಲ್ಲ ಇದ್ದದ್ದೇ, ಗಟ್ಟಿಯಾಗಿರಬೇಕು ಕಣಮ್ಮ’ ಅಂದೆ. ಒಬ್ಬರು ಬಾಣಂತನದ ರಜೆಯಲ್ಲಿದ್ದರು, ಇನ್ನೊಬ್ಬರು ತರಬೇತಿಗೆ ಹೋಗಿದ್ದರು. ಅದೇ ರಾತ್ರಿ ಮತ್ತೆ ಡ್ಯೂಟಿಗೆ ಹಾಕಿದೆ. ಬಂದಳು. ಬಂದಳಲ್ಲ, ಸರಿಹೋಯಿತು ಅಂದುಕೊಂಡೆ.

ನನಗೂ ಹಿಂದೆ ಹಾಗೇ ಮಾಡಿದ್ದರು. 2004 ರಲ್ಲಿ ನನ್ನ ಕೈಯಲ್ಲಿ ಒಂದು ಮಗು ಹೋದಾಗ, ಆಗಿನ ಇನ್‌ಚಾರ್ಜ್ ‘ಮುಖ ತೊಳ್ಕೊಂಡು ಬಾ, ಟೇಬಲ್ ಮೇಲೆ ಇನ್ನೊಬ್ಬಳಿದ್ದಾಳೆ’ ಅಂದಿದ್ದರು. ನಾನು ಬದುಕಿಕೊಂಡೆ, ಹಾಗಾಗಿ ಅದೇ ಮದ್ದು ಅಂತ ನಂಬಿದ್ದೆ. ಬದುಕಿದವರು ಮಾತ್ರ ಕತೆ ಹೇಳುತ್ತಾರೆ, ಬಿಟ್ಟುಹೋದವರು ಹೇಳಲು ಅಲ್ಲಿರುವುದಿಲ್ಲ. ಅದು ನನಗೆ ಹೊಳೆದದ್ದು ತಡವಾಗಿ.

ಎರಡು ವಾರದಲ್ಲಿ ಆಕೆ ಬದಲಾದಳು. ಆಕ್ಸಿಟೋಸಿನ್ ಇಡುವ ಫ್ರಿಜ್‌ನಲ್ಲಿ 2 ರಿಂದ 8 ಡಿಗ್ರಿ ಇರಬೇಕು. ದಿನಕ್ಕೆ ಎರಡು ಸಲ ನೋಡಿ ಬರೆದರೆ ಸಾಕು. ಆಕೆ ಗಂಟೆಗೊಮ್ಮೆ ನೋಡುತ್ತಿದ್ದಳು. ಹೆರಿಗೆಯಾಗಿ ಹಾಯಾಗಿ ಮಲಗಿದ್ದವರನ್ನೂ ಎಬ್ಬಿಸಿ ಹೊಟ್ಟೆ ಮುಟ್ಟುತ್ತಿದ್ದಳು. ಊಟದ ಡಬ್ಬಿ ಹಾಗೇ ವಾಪಸ್. ರೊಟ್ಟಿ ಹಂಚುವುದು ನಿಂತಿತು. ಮಾತು ಕಡಿಮೆಯಾಯಿತು, ಇದ್ದದ್ದು ಒರಟಾಯಿತು. ಒಬ್ಬ ಬಾಣಂತಿಯ ತಾಯಿ ಬಂದು ‘ಆ ಕನ್ನಡಕದ ಸಿಸ್ಟರ್ ಸಿಡುಕುತ್ತಾರೆ’ ಅಂತ ದೂರಿದರು. ನಾನು ಕರೆದು ಬೈದೆ. ಹೌದು, ಬೈದೆ.

ಜನವರಿಯ ಒಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಆಯಮ್ಮ ನನಗೆ ಫೋನ್ ಮಾಡಿದಳು. ‘ಮೇಡಂ, ಆ ಅಮ್ಮಾಯಿ ಬಟ್ಟೆ ರೂಮಲ್ಲಿ ಕೂತವಳೆ. ಎದ್ದೇಳ್ತಾ ಇಲ್ಲ.’ ಹೋಗಿ ನೋಡಿದೆ. ಒಗೆದ ಬೆಡ್‌ಶೀಟ್‌ಗಳ ರಾಶಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ‘ಅಕ್ಕೋರ, ನಾ ರಾಜೀನಾಮಿ ಕೊಡ್ತೀನ್ರಿ. ನನ್ನ ಕೈ ಸರಿ ಇಲ್ರಿ’ ಅಂದಳು.

ಕೈ ಸರಿ ಇಲ್ಲ. ಆ ಮಾತು ನನ್ನನ್ನು ಕೂರಿಸಿತು. ನಾನೂ ನೆಲದ ಮೇಲೆ ಕೂತೆ.

ಇದಕ್ಕೆ ಏನು ಹೆಸರು

‘ಸ್ಟ್ರೆಸ್’ ಅಂತ ನಾವೆಲ್ಲ ಒಂದೇ ಪದದಲ್ಲಿ ಮುಗಿಸುತ್ತೇವೆ. ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿದ್ದವು.

ಒಂದು, ದಣಿದು ಬತ್ತಿಹೋಗುವುದು. ವಿಶ್ವ ಆರೋಗ್ಯ ಸಂಸ್ಥೆ 2019 ರಲ್ಲಿ ಬರ್ನ್‌ಔಟ್ ಅನ್ನು ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ತನ್ನ ಪಟ್ಟಿಯಲ್ಲಿ ವಿವರಿಸಿತು. ಕಾಯಿಲೆ ಅನ್ನಲಿಲ್ಲ. ಮೂರು ಗುರುತು ಹೇಳಿತು. ಶಕ್ತಿಯೆಲ್ಲ ಸೋರಿಹೋಗುವುದು, ಕೆಲಸದ ಮೇಲೆ ಮನಸ್ಸು ದೂರವಾಗಿ ಕಹಿಯಾಗುವುದು, ‘ನನ್ನಿಂದ ಏನೂ ಆಗುವುದಿಲ್ಲ’ ಅನ್ನಿಸುವುದು. ಆ ಅಮ್ಮ ದೂರಿದ ಸಿಡುಕು ಎರಡನೆಯ ಗುರುತು. ನಾನು ಬೈದದ್ದು ಅದಕ್ಕೇ! ಜ್ವರ ಬಂದವರಿಗೆ ಮೈ ಯಾಕೆ ಬಿಸಿ ಅಂತ ಬೈದ ಹಾಗೆ.

ಇನ್ನೊಂದು, ಆ ರಾತ್ರಿಯ ಪೆಟ್ಟು. ರೋಗಿಗೆ ಕೆಡುಕಾದಾಗ ಚಿಕಿತ್ಸೆ ಕೊಟ್ಟವರೂ ಒಳಗೇ ಮುರಿಯುತ್ತಾರೆ. ಅಮೆರಿಕದ ವೈದ್ಯ ಆಲ್ಬರ್ಟ್ ವು 2000 ರಲ್ಲಿ ಅವರನ್ನು ‘ಎರಡನೇ ಬಲಿ’ ಅಂತ ಕರೆದರು. ಆ ಹೆಸರು ಸತ್ತವರ ಮನೆಯವರಿಗೆ ನೋವು ಕೊಡುತ್ತದೆ, ಬೇಡ ಅನ್ನುವ ವಾದವೂ ಇದೆ. ಮುಂದೊಮ್ಮೆ ಆಕೆಗೆ ಇದನ್ನು ಹೇಳಿದಾಗ ಆಕೆಯೂ ಅದನ್ನೇ ಅಂದಳು. ‘ಬಲಿ ಆದಾಕಿ ಆಕಿ ಒಬ್ಬಾಕೀರಿ. ನನಗ ಆ ಹೆಸರ ಬ್ಯಾಡ.’ ಸರಿ, ಹೆಸರು ಬಿಡೋಣ. ಸ್ಥಿತಿ ಮಾತ್ರ ನಿಜ.

ದಣಿವಿಗೆ ರಜೆ ಬೇಕು. ಪೆಟ್ಟಿಗೆ ರಜೆ ಒಂದೇ ಸಾಲದು, ಕೆಲವೊಮ್ಮೆ ಖಾಲಿ ಕೂತರೆ ಜಾಸ್ತಿಯಾಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆ ನೋಡಬೇಕಾಯಿತು.

ಕೇಸ್ ಶೀಟ್ ಓದಿದ ಮಧ್ಯಾಹ್ನ

ಮೊದಲು ನಾಲ್ಕು ದಿನ ರಜೆ ಕೊಟ್ಟೆ. ಆ ದಿನಗಳ ಎರಡು ರಾತ್ರಿ ನಾನೇ ಮಾಡಿದೆ. ಐವತ್ತರ ವಯಸ್ಸಿಗೆ ರಾತ್ರಿ ಡ್ಯೂಟಿ ಮಾಡಿ ನೋಡಿದರೆ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಬರೆಯುವ ಕೈಗೆ ಸ್ವಲ್ಪ ಬುದ್ಧಿ ಬರುತ್ತದೆ.

ವಾಪಸ್ ಬಂದ ದಿನ ಆ ತಾಯಿಯ ಕೇಸ್ ಶೀಟ್ ತೆಗೆದುಕೊಂಡು ಇಬ್ಬರೂ ಕೂತೆವು. ಬಾಗಿಲು ಹಾಕಿ, ಟೀ ತರಿಸಿ. ಸಮಾಧಾನದ ಮಾತು ಶುರುಮಾಡಿದೆ, ‘ನಿಂದೇನೂ ತಪ್ಪಿಲ್ಲ...’ ಆಕೆ ಕೈ ಎತ್ತಿ ತಡೆದಳು. ‘ಸುಮ್ನ ಸಮಾಧಾನ ಮಾಡಬ್ಯಾಡ್ರಿ ಅಕ್ಕೋರ. ಎಲ್ಲಾರೂ ಹಂಗ ಅಂತಾರ. ನೋಡದ ಅಂತಾರ.’

ನೋಡದೆ ಅನ್ನುತ್ತಾರೆ. ನಿಜ ಅಲ್ವಾ? ಸಾಂತ್ವನ ಹೇಳಿದ ನಾವ್ಯಾರೂ ಆ ಶೀಟ್ ತೆರೆದಿರಲಿಲ್ಲ.

ಆಮೇಲೆ ನಿಮಿಷ ನಿಮಿಷವಾಗಿ ಓದಿದೆವು. 1.41 ರ ಆಕ್ಸಿಟೋಸಿನ್ ಸರಿ. ಮಾಸು ಪರೀಕ್ಷೆ ಸರಿ. 2.05 ಕ್ಕೆ ಗುರುತಿಸಿದ್ದು, ಅಂದರೆ ನಿಗಾ ಇತ್ತು. ಔಷಧಿ, ಡೋಸ್, ಕ್ರಮ ಎಲ್ಲ ಸರಿ. ಆ್ಯಂಬುಲೆನ್ಸ್‌ನಲ್ಲಿ ಒತ್ತಿ ಹಿಡಿದದ್ದನ್ನು ದೊಡ್ಡ ಆಸ್ಪತ್ರೆಯವರು ರೆಫರಲ್ ಕಾಗದದ ಮೇಲೆ ಬರೆದೇ ಇದ್ದರು. ಆ ಸಾಲನ್ನು ನಾನು ಜೋರಾಗಿ ಓದಿದೆ. ಆಕೆ ಇನ್ನೊಂದು ಸಲ ಓದಿ ಅಂದಳು.

ಆಮೇಲೆ ಆಕೆಯೇ ಬೆರಳಿಟ್ಟಳು, 2.05 ಮತ್ತು 2.13 ರ ನಡುವೆ. ‘ಎಂಟು ನಿಮಿಷರಿ. ಡಾಕ್ಟರ್‌ಗೆ ಎಂಟು ನಿಮಿಷ ತಡ ಆತು.’

ಸುಳ್ಳು ಹೇಳಲಿಲ್ಲ. ‘ಹೌದು, ತಡ ಆಯಿತು. ಯಾಕೆ?’ ಅಂದೆ. ಎರಡೂ ಕೈ ಹೊಟ್ಟೆಯ ಮೇಲೆ. ಆಯಮ್ಮ ಇನ್ನೊಬ್ಬ ಬಾಣಂತಿಯನ್ನು ವಾರ್ಡಿಗೆ ಬಿಡಲು ಹೋಗಿದ್ದಳು. ಫೋನ್ ಹೊರಗಿನ ಮೇಜಿನ ಮೇಲೆ. ಕೂಗಿದಳು, ಯಾರಿಗೂ ಕೇಳಲಿಲ್ಲ. ಕೈ ತೆಗೆದರೆ ರಕ್ತ, ತೆಗೆಯದಿದ್ದರೆ ಫೋನ್ ಇಲ್ಲ. ಆ ಎಂಟು ನಿಮಿಷ ಉಳಿದಿದ್ದರೆ ಆ ತಾಯಿ ಉಳಿಯುತ್ತಿದ್ದಳಾ? ಅಷ್ಟು ಕಡಿಮೆ ರಕ್ತ ಇದ್ದ ಮೈ, ಒಂದೇ ಬಾಟಲ್, ಅಷ್ಟು ದೂರ. ಉಳಿಯುತ್ತಿದ್ದಳು ಅಂತ ಹೇಳಲು ಯಾರಿಗೂ ಬಾಯಿಲ್ಲ.

‘ಹಂಗಾರ ಇದು ನನ್ನ ಕೈ ತಪ್ಪಲ್ಲ. ಕೈ ಸಾಲಲಿಲ್ಲ’ ಅಂದಳು. ಟೀ ಆರಿಹೋಗಿತ್ತು. ಒಂದೇ ಗುಟುಕಿಗೆ ಕುಡಿದಳು. ‘ನಿಂದೇನೂ ತಪ್ಪಿಲ್ಲ’ ಅಂದಿದ್ದರೆ ಆಕೆ ಆ ಎಂಟು ನಿಮಿಷವನ್ನು ಒಬ್ಬಳೇ ಹೊತ್ತುಕೊಂಡಿರುತ್ತಿದ್ದಳು. ಎಲ್ಲಿ ತಡವಾಯಿತು ಅನ್ನುವುದನ್ನು ಇಬ್ಬರೂ ನೋಡಿದೆವು, ಅರ್ಧ ಭಾರ ನನ್ನ ಕಡೆ ಬಂತು. ಆಯಮ್ಮ ಒಬ್ಬಳನ್ನೇ ಎರಡು ಕಡೆಗೆ ಹಾಕಿದ್ದ ರೋಸ್ಟರ್ ನನ್ನದೇ ಅಲ್ವಾ?

ತಾಯಿ ಸತ್ತರೆ ಜಿಲ್ಲಾ ಮಟ್ಟದಲ್ಲಿ ಪರಿಶೀಲನೆ ನಡೆಯುತ್ತದೆ. ಯಾರ ಹೆಸರೂ ಬೇಡ, ಯಾರನ್ನೂ ದೂರಬೇಡಿ, ಕಾರಣ ಹುಡುಕಿ ಅನ್ನುವುದು ಅದರ ನಿಯಮ. ಅಲ್ಲಿ ಯಾವಾಗಲೂ ಮೂರು ತಡ ಹುಡುಕುತ್ತಾರೆ. ಆಸ್ಪತ್ರೆಗೆ ಹೋಗೋಣ ಅಂತ ತೀರ್ಮಾನಿಸುವಲ್ಲಿ ತಡ, ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಗರ್ಭಿಣಿಯಾಗಿದ್ದಾಗಲೇ ರಕ್ತಹೀನತೆ ಸರಿಮಾಡದೇ ಇದ್ದದ್ದು, ರಕ್ತದ ದಾಸ್ತಾನು ಇವೆಲ್ಲ ಅಲ್ಲಿ ಚರ್ಚೆಗೆ ಬಂದವು. ಕೂತವರೆಲ್ಲ ಆ ನಿಯಮದ ಹಾಗೇ ಮಾತಾಡಿದರು ಅಂತ ಹೇಳಲಾರೆ. ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ, ಅಷ್ಟು ಮಾತ್ರ ನನ್ನ ಕೈಲಿತ್ತು.

ಗುಬ್ಬಿ ಬೆಲ್

ಮಾರನೇ ದಿನ ಆಕೆ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಮನೆ ಬಾಗಿಲಿಗೆ ಹಾಕುವ ಕಾಲಿಂಗ್ ಬೆಲ್. ಬಜಾರಿನಲ್ಲಿ 350 ರೂಪಾಯಿ. ಒತ್ತಿದರೆ ಗುಬ್ಬಿ ಚಿಲಿಪಿಲಿ. ‘ಬ್ಯಾರೆ ಸೌಂಡ್ ಇರಲಿಲ್ರಿ’ ಅಂದಳು.

ಎಲೆಕ್ಟ್ರಿಷಿಯನ್ ಗೋಡೆಯ ಮೇಲೆ ಎಲ್ಲರೂ ಹಾಕುವ ಎತ್ತರದಲ್ಲಿ ಸ್ವಿಚ್ ಹಾಕಲು ಹೊರಟ. ಆಕೆ ಬೇಡ ಅಂದಳು. ಹೆರಿಗೆ ಟೇಬಲ್ ಪಕ್ಕ ನಿಂತು, ಎರಡೂ ಕೈ ಮುಂದೆ ಚಾಚಿ, ಮೊಣಕೈ ಎಲ್ಲಿಗೆ ಬರುತ್ತದೋ ಅಲ್ಲಿ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿದಳು. ಕುಳ್ಳಗಿನ ಸಿಸ್ಟರ್‌ಗಳನ್ನೂ ಉದ್ದಗಿನವರನ್ನೂ ನಿಲ್ಲಿಸಿ ನೋಡಿದಳು. ಕೈ ಬಿಡದೆ ಮೊಣಕೈಯಲ್ಲಿ ಒತ್ತಬಹುದು. ಬೆಲ್ ಮಾತ್ರ ಹೊರಗೆ, ಡ್ಯೂಟಿ ರೂಮಿನಲ್ಲಿ.

ಮೊದಲ ವಾರ ಯಾರೋ ಒರಗಿ, ಯಾರೋ ಟ್ರೇ ತಗುಲಿಸಿ ದಿನಕ್ಕೆ ಹತ್ತು ಸಲ ಚಿಲಿಪಿಲಿ. ಓಡಿ ಓಡಿ ಸಾಕಾಯಿತು. ಆದರೆ ನಾನು ಆಕೆಯ ಮುಖ ನೋಡಿದ್ದು ಆ ಗುರುತು ಹಾಕುವಾಗ. ನಾಲ್ಕು ವಾರದಲ್ಲಿ ಮೊದಲ ಬಾರಿ ಆಕೆ ಏನನ್ನೋ ಪರೀಕ್ಷಿಸುತ್ತಿದ್ದಳು, ಹೆದರಿಕೆಯಿಂದ ಅಲ್ಲ.

ರೋಸ್ಟರ್ ಜಗಳ

ಇದು ಚಂದದ ಭಾಗ ಅಲ್ಲ. ನಮ್ಮಲ್ಲಿ ಸತತ ಏಳು ರಾತ್ರಿ, ತಲಾ 12 ಗಂಟೆ ನಡೆಯುತ್ತಿತ್ತು. ಬೆಳಗಿನ ಜಾವ ಮೂರರಿಂದ ಐದರವರೆಗೆ ಮೈ ತಾನಾಗಿ ಮಂಕಾಗುತ್ತದೆ. ಅದು ಸೋಮಾರಿತನ ಅಲ್ಲ, ದೇಹದ ಗಡಿಯಾರ. ಏಳನೇ ರಾತ್ರಿ ಅದರ ಮೇಲೆ ಆರು ರಾತ್ರಿಯ ನಿದ್ದೆಸಾಲ ಬೇರೆ. ಮೂರು ರಾತ್ರಿ, ಎರಡು ದಿನ ರಜೆ ಮಾಡೋಣ ಅಂದೆ. ಇಬ್ಬರು ಒಪ್ಪಲೇ ಇಲ್ಲ. ಏಳು ರಾತ್ರಿ ಒಟ್ಟಿಗೆ ಮಾಡಿದರೆ ಒಟ್ಟಿಗೆ ರಜೆ ಸಿಗುತ್ತದೆ, ದೂರದ ಊರಿಗೆ ಹೋಗಿ ಮಕ್ಕಳನ್ನು ನೋಡಿ ಬರಬಹುದು. ಅವರ ಮಾತೂ ನ್ಯಾಯವೇ. ಐದು ವಾರ ಎಳೆದಾಡಿ ನಾಲ್ಕು ರಾತ್ರಿಗೆ ನಿಂತಿತು. ಮೂರು ಗಂಟೆ ಹೊತ್ತಿಗೆ ಸರದಿಯಲ್ಲಿ 20 ನಿಮಿಷ ಕಣ್ಣು ಮುಚ್ಚಬಹುದು, ಆಗ ಇನ್ನೊಬ್ಬರು ಎದ್ದಿರಬೇಕು. ಕೆಡುಕು ನಡೆದ ರಾತ್ರಿಯ ಮರುದಿನ ಆ ಸಿಸ್ಟರ್‌ಗೆ ಡ್ಯೂಟಿ ಇಲ್ಲ. ಇದೊಂದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ಬೋಧಕ ಆಸ್ಪತ್ರೆಯಲ್ಲದ ಕಡೆ ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗೆ ಒಬ್ಬ ನರ್ಸ್, ರಜೆಯ ಲೆಕ್ಕಕ್ಕೆ ಶೇ 30 ಜಾಸ್ತಿ ಅನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಲೆಕ್ಕ. ಆ ಲೆಕ್ಕವನ್ನು ಗೋಡೆಗೆ ಅಂಟಿಸಿದ್ದೇವೆ. ಓದಿದವರು ನಗುತ್ತಾರೆ.

14416

ನಮ್ಮ ಆಸ್ಪತ್ರೆಯಲ್ಲೇ ಮಂಗಳವಾರ, ಮನಸ್ಸಿನ ತೊಂದರೆ ನೋಡುವ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ. ಹೋಗು ಅಂದೆ. ‘ಅಲ್ಲಿ ಕುಂತ್ರ ಇಡೀ ಆಸ್ಪತ್ರಿಗೆ ಗೊತ್ತಾಗ್ತದರಿ’ ಅಂದಳು. ಬೇರೆಯವರಿಗೆ ಕ್ಲಿನಿಕ್‌ನ ದಾರಿ ತೋರಿಸುವ ನಾವು ನಮ್ಮ ಸರದಿ ಬಂದಾಗ ಆ ಬೆಂಚಿನ ಮೇಲೆ ಕೂರುವುದಿಲ್ಲ.

ಟೆಲಿ ಮಾನಸ್ ಸರಿಹೋಯಿತು. 2022 ರ ಅಕ್ಟೋಬರ್ 10 ರಂದು ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ. 14416 ಗೆ ಯಾವ ಹೊತ್ತಿನಲ್ಲಿ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗಿದೆ. ಆಕೆ ಕ್ವಾರ್ಟರ್ಸ್ ತಾರಸಿಯ ಮೇಲೆ, ನೀರಿನ ಟ್ಯಾಂಕ್ ಮರೆಯಲ್ಲಿ ಕೂತು ಮಾತಾಡಿದಳು. ಏನು ಮಾತಾಡಿದಳು ಅಂತ ನಾನು ಕೇಳಿಲ್ಲ. ನಾಲ್ಕೈದು ಸಲ ಮಾಡಿದ್ದಾಳೆ, ನಡುವೆ ಒಮ್ಮೆ ಡಾಕ್ಟರ್‌ರನ್ನು ನೇರವಾಗಿಯೂ ಕಂಡಿದ್ದಾಳೆ. ನಿದ್ದೆ ಮಾರ್ಚ್ ಹೊತ್ತಿಗೆ ಮರಳಿತು. ಫ್ರಿಜ್ ಈಗಲೂ ಸ್ವಲ್ಪ ಜಾಸ್ತಿಯೇ ನೋಡುತ್ತಾಳೆ. ನೋಡಲಿ ಬಿಡಿ.

ಆ ಮಾವನ ಮೇಲೆ ದೂರು ಕೊಡಬೇಕು ಅಂತ ಕೆಲವರು ಅಂದರು. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009 ರ ಕಾಯ್ದೆ ಇದೆ, ನರ್ಸುಗಳೂ ಅದರಲ್ಲಿ ಬರುತ್ತಾರೆ. ಕೈ ಮಾಡಿದ್ದರೆ ನಾನೇ ಕೊಡಿಸುತ್ತಿದ್ದೆ. ಆ ದಿನ ಅವರು ಕೂಗಿದ್ದಷ್ಟೇ. ಆಕೆ ಬೇಡ ಅಂದಳು. ಏಪ್ರಿಲ್‌ನಲ್ಲಿ ಅವರೇ ಮೊಮ್ಮಗಳಿಗೆ ಲಸಿಕೆ ಹಾಕಿಸಲು ಬಂದರು. ಆಕೆಯನ್ನು ಗುರುತಿಸಿದರು. ಏನೂ ಮಾತಾಡಲಿಲ್ಲ. ಮಗುವನ್ನು ಮಾತ್ರ ಆಕೆಯ ಕಡೆ ಸ್ವಲ್ಪ ತಿರುಗಿಸಿ ಹಿಡಿದರು. ಅದನ್ನು ಹೇಗೆ ತೆಗೆದುಕೊಳ್ಳಬೇಕೋ ನನಗೆ ಇನ್ನೂ ತಿಳಿದಿಲ್ಲ.

ಮೇ 12

ನರ್ಸುಗಳ ದಿನ. ಶಾಲು, ಹಾರ, ಮೇಣದಬತ್ತಿ. ಭಾಷಣದಲ್ಲಿ ಒಬ್ಬರು ನಮ್ಮನ್ನು ‘ಬಿಳಿ ಉಡುಪಿನ ದೇವತೆಗಳು’ ಅಂದರು. ಆಕೆ ನನ್ನ ಕಿವಿಯಲ್ಲಿ, ‘ದೇವತಿಗೆ ಸಿ.ಎಲ್. ಎಷ್ಟ ರಜಾ ಇರ್ತಾವ್ರಿ?’ ಅಂದಳು. ನಗು ತಡೆಯಲಾಗದೆ ಶಾಲು ಬಾಯಿಗೆ ಒತ್ತಿಕೊಂಡೆ.

ಹೊಗಳಿಕೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ದೇವತೆ ಅನ್ನಿಸಿಕೊಂಡವಳು ದಣಿವಾಯಿತು ಅನ್ನುವ ಹಾಗಿಲ್ಲ, ತಪ್ಪುವ ಹಾಗಂತೂ ಇಲ್ಲವೇ ಇಲ್ಲ. ಯಾರ ಹುಟ್ಟುಹಬ್ಬಕ್ಕೆ ಈ ದಿನ ಆಚರಿಸುತ್ತೇವೋ, 1820 ರಲ್ಲಿ ಹುಟ್ಟಿದ ಆ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದದ್ದು ಎಲ್ಲರಿಗೂ ಗೊತ್ತು. ಲೆಕ್ಕ ಹಿಡಿದದ್ದು ಗೊತ್ತಿಲ್ಲ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಜಾಸ್ತಿ ರೋಗದಿಂದ ಸತ್ತರು ಅಂತ ಅಂಕಿಅಂಶದ ಚಿತ್ರ ಬರೆದು ದೊಡ್ಡವರ ಮುಂದೆ ಇಟ್ಟ ಹೆಂಗಸು ಆಕೆ. ಗುಬ್ಬಿ ಬೆಲ್ ನೋಡಿದ್ದರೆ ಮೆಚ್ಚುತ್ತಿದ್ದರೋ ಏನೋ.

ಈಗ

ರಾಜೀನಾಮೆ ಕೊಡಲಿಲ್ಲ. ಹಾಗಂತ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ವಿಜಯಪುರಕ್ಕೆ ವರ್ಗಾವಣೆ ಕೇಳಿ ಅರ್ಜಿ ಹಾಕಿದ್ದಾಳೆ. ಸಿಕ್ಕರೆ ಹೋಗುತ್ತಾಳೆ, ಹೋಗಲಿ. ಬಿ.ಪಿ. ಉಪಕರಣದ ಪಕ್ಕ ದಾರ ಕಟ್ಟಿ ಒಂದು ಪುಟ್ಟ ನೋಟ್‌ಬುಕ್ ತೂಗುಹಾಕಿದ್ದಾಳೆ. ಬೆಟಾಡಿನ್ ಕಲೆಯ ನಡುವೆ ಕನ್ನಡ ಅಕ್ಷರದಲ್ಲಿ ತೆಲುಗು. ನೊಪ್ಪಿ ಎಕ್ಕಡ, ನೋವು ಎಲ್ಲಿ. ಊಪಿರಿ ತೀಸ್ಕೋ, ಉಸಿರು ತಗೋ. ಭಯಪಡದ್ದು, ಹೆದರಬೇಡ. ಹೊಸದಾಗಿ ಬಂದ ಬೀದರ್‌ನ ಹುಡುಗಿ ಅದರಲ್ಲಿ ತನ್ನ ಕೈಬರಹದಲ್ಲಿ ನಾಲ್ಕು ಪದ ಸೇರಿಸಿದ್ದಾಳೆ.

ಮೊನ್ನೆ ಒಬ್ಬರು ರಜೆ ಹಾಕಿದ್ದರಿಂದ ರಾತ್ರಿ ನಾನೇ ಇದ್ದೆ. 2.30 ಕ್ಕೆ ಗುಬ್ಬಿ ಚಿಲಿಪಿಲಿ ಅಂದಿತು. ಚಪ್ಪಲಿ ಬಿಟ್ಟು ಓಡಿದೆ. ಟೇಬಲ್ ಮೇಲೆ ಹೆರಿಗೆ ನಡೆಯುತ್ತಿತ್ತು, ಮಗುವಿನ ತಲೆ ಕಾಣುತ್ತಿತ್ತು, ಆಕೆಯ ಎರಡೂ ಕೈಗೂ ಬಿಡುವಿರಲಿಲ್ಲ.

‘ಏನಾಯ್ತು?’

‘ಏನಿಲ್ರಿ ಅಕ್ಕೋರ. ಚಾಳೀಸ ಜಾರಾಕತ್ತೈತಿ. ಸ್ವಲ್ಪ ಏರಸ್ರಿ.’

ಏರಿಸಿದೆ.